ಅಕ್ಕಿ ಡ್ರಮ್ಮಿನಲ್ಲಿ ಒಣಗಿದ ಬಾಟಲಿ

ಕೆಲವರಿಗೆ ಚಿಂತೆ ಮಾಡಲು ಕಾರಣ ಬೇಕು. ನನಗೆ ಬೇಡ, ಕಾರಣ ಆಮೇಲೆ ನಿಧಾನವಾಗಿ ಬಂದು ಸೇರಿಕೊಳ್ಳುತ್ತದೆ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬೀದಿಯ ತಿರುವಿನಿಂದ ಮನೆಗೆ ವಾಪಸ್ ಬರುವವನು ನಾನು. ಆರಿದೆ ಎಂದು ಖಾತ್ರಿಯಾಗಿ ಮತ್ತೆ ಅದೇ ತಿರುವಿಗೆ ಹೋದರೆ, ಬಾಗಿಲು ಹಾಕಿದೆನೋ ಇಲ್ಲವೋ ಎಂಬುದು ಶುರುವಾಗುತ್ತದೆ. ಇಂಥವನ ಪಾಲಿಗೆ ಕಣ್ಣಿಗೆ ಕಾಣದ ಹುಳುವನ್ನು ಹುಡುಕುವ ಕೆಲಸ ಬಂದರೆ ಏನಾಗಬೇಕು?

ಕೊಂಡಜ್ಜಿಯಲ್ಲಿರುವ ನಮ್ಮ ಭತ್ತದ ಗದ್ದೆಯನ್ನು ಅಣ್ಣ ನೋಡಿಕೊಳ್ಳುತ್ತಾನೆ. ಅದರ ಚಿಂತೆಯನ್ನು ದಾವಣಗೆರೆಯ ಎಸ್.ಎಸ್. ಬಡಾವಣೆಯಲ್ಲಿ ಕೂತು ನಾನು ನೋಡಿಕೊಳ್ಳುತ್ತೇನೆ. ಈ ಸಲ ಪಕ್ಕದವರ ಗದ್ದೆಗೆ, ಪೈರಿನ ಬುಡದ ರಸ ಹೀರುವ ಜಿಗಿಹುಳು ಬಿದ್ದು ಪೈರು ಸುಟ್ಟಂತಾಯಿತು. ಅಣ್ಣ ಹರಿಹರದಿಂದ ಔಷಧಿ ತಂದಿಟ್ಟ. ಸುಮ್ಮನೆ ಹೊಡೆದರೆ ಆ ಹುಳುವನ್ನು ತಿನ್ನುವ ಜೇಡಗಳೂ ಸಾಯುತ್ತವೆ; ಹೊಡೆಯದಿದ್ದರೆ ಬೆಳೆಯೇ ಹೋದೀತು. ಆಗ ನೆನಪಾದವಳು ಎದುರುಮನೆಯ ಶಬಾನಾ. ಬೆಳೆಯ ಕೀಟಗಳ ಮೇಲೆ ಸಂಶೋಧನೆ ಮಾಡುತ್ತಾಳೆ. ಹುಳು ನಮ್ಮ ಕಣ್ಣಿಗೆ ಬೀಳುವ ಮೊದಲೇ ಅದರ ಪೊರೆ, ಹಿಕ್ಕೆ ನೀರಿಗೆ ಬಿದ್ದಿರುತ್ತವಂತೆ. ಆ ನೀರಿನಲ್ಲಿ ಡಿಎನ್‌ಎ ಹುಡುಕಿದರೆ ಯಾವ ಹುಳು ಎಂದು ಗೊತ್ತಾಗುತ್ತದಂತೆ. ಮುಚ್ಚಳ ಬಿಗಿದ ಬಾಟಲಿಯೊಂದನ್ನು ಕೊಟ್ಟು, "ಅಂಕಲ್, ಗದ್ದೆ ನೀರು ತುಂಬ್ಕೊಂಡು ಬರ್ರಿ ಸಾಕು. ಬ್ಯಾರೆ ಏನೂ ಮಾಡಬ್ಯಾಡ್ರಿ" ಎಂದಳು.

ರಿಪೋರ್ಟ್ ಬರುವವರೆಗೆ ತಡಿ ಎಂದು ಅಣ್ಣನಿಗೆ ಫೋನಿನಲ್ಲಿ ಹೇಳಿದೆ. "ನಿನ್ನ ರಿಪೋರ್ಟ್ ಬರೋ ತಂಕ ಹುಳ ಉಪಾಸ ಇರ್ತತೇನಪ್ಪಾ?" ಎಂದ. ಆದರೂ ತಡೆದ.

ಬೇರೆ ಏನೂ ಮಾಡದಿರುವುದು ನನ್ನಿಂದಾಗುವ ಕೆಲಸವೇ? ಯಾರ್ಯಾರ ಕೈ ತಾಗಿದೆಯೋ ಎಂದು ಬಾಟಲಿಯನ್ನು ಚೆನ್ನಾಗಿ ತೊಳೆದೆ. ತೇವ ಉಳಿದೀತೆಂಬ ಭಯಕ್ಕೆ, ನೀರಿಗೆ ಬಿದ್ದ ಮೊಬೈಲನ್ನು ಒಣಗಿಸುವಂತೆ, ಮುಚ್ಚಳ ತೆಗೆದು ಅಕ್ಕಿ ಡ್ರಮ್ಮಿನಲ್ಲಿ ಹೂತಿಟ್ಟೆ. ಮರುದಿನ ಕೊಡವಿಕೊಂಡು ಕೊಂಡಜ್ಜಿಗೆ ಹೋಗಿ ನೀರು ತುಂಬಿ ತಂದುಕೊಟ್ಟೆ. ಅಷ್ಟು ಜವಾಬ್ದಾರಿಯಿಂದ ನಾನು ಮದುವೆಯನ್ನೂ ಆಗಿರಲಿಲ್ಲ.

ವಾರದ ಮೇಲೆ ಶಬಾನಾ ರಿಪೋರ್ಟ್ ಹಿಡಿದು ಮನೆಗೇ ಬಂದಳು. "ಅಂಕಲ್, ಇದ್ರಾಗೆ ಬರೀ ಅಕ್ಕಿ ಹುಳ ಐತೆ. ಗದ್ದೆ ನೀರಿಗೆ ಅದು ಹೆಂಗೆ ಬಂತು?"

ನಾನು ಡ್ರಮ್ಮಿನ ವಿಷಯ ಹೇಳಬೇಕಾಯಿತು. ನನ್ನ ಹೆಂಡತಿ ಗಿರಿಜಾ ಅಡುಗೆಮನೆಗೆ ಓಡಿ, ಡ್ರಮ್ಮಿನ ತಳಕ್ಕೆ ಕೈ ಹಾಕಿ, ಹಿಡಿ ಅಕ್ಕಿ ತಂದು ನನ್ನ ಮುಂದೆ ಹರವಿದಳು. ಕಪ್ಪು ಹುಳುಗಳು ನಾಲ್ಕು ದಿಕ್ಕಿಗೆ ಹೊರಟವು. "ಊರ ಹೊಲದ ಹುಳ ಹುಡುಕೋರು ಇವ್ರು! ಮನ್ಯಾಗಿಂದು ಲ್ಯಾಬಿನೋರು ಹೇಳ್ಬೇಕಾತು!"

"ಈ ನೀರು ಕೆಟ್ಟೋತು ಅಂಕಲ್" ಎಂದು ಶಬಾನಾ ಹೊಸ ಬಾಟಲಿ ಕೊಟ್ಟಳು. ಕೊಟ್ಟಿದ್ದು ಗಿರಿಜಾಳ ಕೈಗೆ.

ಗಿರಿಜಾ ಗದ್ದೆಯ ನೀರು ತಂದುಕೊಟ್ಟು, ಅದರ ರಿಪೋರ್ಟ್ ಬರುವವರೆಗೆ ನಾನು ಕೂತಲ್ಲಿ ಕೂಡಲಿಲ್ಲ. ನನ್ನ ಶುಚಿತ್ವದಿಂದಾಗಿ ಅಣ್ಣನ ಬೆಳೆ ಹೋದರೆ? ಟಿವಿ ನೋಡುತ್ತಿದ್ದರೂ ಕಿವಿಯಲ್ಲಿ ಏನೋ ಜಿಗಿದಂತಾಗುತ್ತಿತ್ತು. ಕೊನೆಗೆ ಎರಡನೆಯ ರಿಪೋರ್ಟ್ ಬಂತು: ಜಿಗಿಹುಳು ಬಂದಿದೆ, ಆದರೆ ಅಲ್ಪಸ್ವಲ್ಪ. ಅಣ್ಣ ಪೈರಿನ ಬುಡ ಬಿಡಿಸಿ ನೋಡಿದ. ಅಲ್ಲೊಂದು ಇಲ್ಲೊಂದು ಇತ್ತು. ಹುಳು ಹೆಚ್ಚದಂತೆ ಗದ್ದೆಯ ನೀರು ಬಸಿದು, ಯೂರಿಯಾ ನಿಲ್ಲಿಸಿ ಕಾದ.

ಮೊನ್ನೆ ಭಾನುವಾರ ಅವನ ಫೋನು ಬಂತು. "ಹುಳ ಇಳದೈತೆ. ಔಷಧಿ ಬ್ಯಾಡ. ನಿನ್ನ ಬಾಟ್ಲಿ ಗೆಲ್ತು ಬಿಡು. ಏನ್ ಮಾಡ್ತಿದ್ದೀಯ?"

"ಹುಳ ನೋಡ್ತಿದೀನಿ."

"ಇನ್ನೂ ಎಲ್ಲಿ ನೋಡ್ತೀಯೋ ಮಾರಾಯ?"

ತಾರಸಿಯ ಬಿಸಿಲಿನಲ್ಲಿ ಮೊರ ಹಿಡಿದು ಕೂತಿದ್ದೆ. ಡ್ರಮ್ಮಿನ ಅಕ್ಕಿ ಇನ್ನೂ ಅರ್ಧ ಬಾಕಿಯಿತ್ತು. ಮೆಟ್ಟಿಲ ಮೇಲೆ ಗಿರಿಜಾ ತೊಗರಿಬೇಳೆಯ ಡಬ್ಬಿ ಹಿಡಿದು ನಿಂತಿದ್ದಳು.