ಎಂಟು ದೀಪ, ಒಂದು ಏಣಿ

"ಒಂದು ಕೇಬಲ್ ಎಳೆಯೋಕೆ ಹೊರಗಿನವರು ಯಾಕೆ? ನಾನಿಲ್ವಾ?"

ಗುಮಾಸ್ತರು ಎದೆಯುಬ್ಬಿಸಿ ಘೋಷಿಸಿಯೇಬಿಟ್ಟರು! ಹಿಂದಿನ ವಾರ ಅವರ ಕಚೇರಿಗೆ ನೆಟ್‌ವರ್ಕ್ ಕೇಬಲ್ ಜೋಡಿಸಲು ಬಂದಿದ್ದ ಮೆಕ್ಯಾನಿಕ್ಕನ ಪಕ್ಕದಲ್ಲಿ ಇವರು ಮುಕ್ಕಾಲು ಗಂಟೆ ಕೈಕಟ್ಟಿ ನಿಂತು ನೋಡಿದ್ದರು. ನೋಡಿದರೆ ಕಲಿತಂತೆಯೇ ಎಂಬುದು ಅವರ ದೃಢವಾದ ನಂಬಿಕೆ. ಇದೇ ನಂಬಿಕೆಯ ಬಲದಿಂದ ಅವರು ಹಿಂದೆ ಮಿಕ್ಸಿ ರಿಪೇರಿ ಮಾಡಿದ್ದರು, ಗೋಡೆ ಗಡಿಯಾರ ರಿಪೇರಿ ಮಾಡಿದ್ದರು. ಈಗ ಮನೆಯಲ್ಲಿ ಮಿಕ್ಸಿಯೂ ಇಲ್ಲ, ಗಡಿಯಾರವೂ ಇಲ್ಲ.

"ರೀ, ಇದು ಹುಡುಗಾಟ ಅಲ್ಲ. ನಾಳೆ ಹತ್ತಕ್ಕೆ ನನ್ನ ಇಂಟರ್‌ವ್ಯೂ," ಎಂದರು ಹೆಂಡತಿ.

ಅವರು ಶಾಲೆಯೊಂದರಲ್ಲಿ ಗಣಿತದ ಟೀಚರು. ಮುಖ್ಯೋಪಾಧ್ಯಾಯಿನಿಯ ಹುದ್ದೆಗೆ ಕಂಪ್ಯೂಟರಿನ ಮೂಲಕವೇ ಸಂದರ್ಶನ. ರೂಟರ್ ಇರುವ ಹಾಲಿನಲ್ಲಿ ಕೂರೋಣವೆಂದರೆ ಎದುರುಮನೆ ಬಡಗಿಯ ಗರಗಸ ಬೆಳಗಿನಿಂದಲೇ ಕಿರುಚುತ್ತದೆ. ಹಿಂದಿನ ಕೋಣೆ ಪ್ರಶಾಂತವಾಗಿದೆ, ಆದರೆ ಅಲ್ಲಿಗೆ ವೈಫೈ ತಲುಪುವುದಿಲ್ಲ. ಪರದೆಯ ಮೇಲೆ ಟೀಚರಮ್ಮನ ಮುಖ ಬಾಯಿ ತೆರೆದ ಭಂಗಿಯಲ್ಲೇ ಐದೈದು ನಿಮಿಷ ನಿಂತುಬಿಡುತ್ತದೆ. ಹೀಗಾಗಿ ಹಾಲಿನಿಂದ ಹಿಂದಿನ ಕೋಣೆಗೆ ಕೇಬಲ್ ಬೇಕೇ ಬೇಕಿತ್ತು.

ಮರುದಿನ ಗುಮಾಸ್ತರು ಕಚೇರಿಗೆ ರಜೆ ಹಾಕಿ ಬೆಳಿಗ್ಗೆ ಆರಕ್ಕೇ ರಣರಂಗಕ್ಕೆ ಇಳಿದರು. ಒಂದು ಸುರುಳಿ ಕೇಬಲ್, ಅದರ ತುದಿಗೆ ಹಾಕುವ ಹತ್ತು ಪುಟ್ಟ ಪ್ಲಗ್ಗುಗಳು, ಅವನ್ನು ಅದುಮುವ ಇಕ್ಕಳ, ಒಂದು ಟೆಸ್ಟರ್. ಜೊತೆಗೆ ಮಹಡಿಯ ಮೇಲಿನ ಪೇಂಟರನಿಂದ ಎರವಲು ತಂದ ಏಣಿ.

"ಒಂಬತ್ತೂವರೆಗೆ ವಾಪಸ್ ಬೇಕು ಸಾರ್, ಕೆಲಸಕ್ಕೆ ಹೋಗ್ಬೇಕು," ಎಂದಿದ್ದ ಪೇಂಟರ್.

"ಒಂಬತ್ತಕ್ಕೇ ಬಂದು ತಗೊಂಡು ಹೋಗಯ್ಯಾ!"

ಹಾಲಿಗೂ ಹಿಂದಿನ ಕೋಣೆಗೂ ನಡುವೆ ನಡುಮನೆ. ಅದರ ಎರಡೂ ಗೋಡೆಗೆ ಕೇಬಲ್ ಮಾತ್ರ ನುಸುಳುವಷ್ಟು ಸಣ್ಣ ತೂತು ಕೊರೆದದ್ದಾಯಿತು. ಏಣಿ ಹತ್ತಿ ಬಾಗಿಲಿನ ಮೇಲೆ ಕ್ಲಿಪ್ಪು ಬಡಿದದ್ದಾಯಿತು. ಕೇಬಲ್ ಕೈಜಾರಿ ಪದೇಪದೇ ಕೆಳಗೆ ಬೀಳುತ್ತಿದ್ದುದರಿಂದ ಅದರ ಬೋಳು ತುದಿಯನ್ನು ಏಣಿಯ ಎರಡು ಮೆಟ್ಟಿಲ ಸಂದಿಯಲ್ಲಿ ತೂರಿಸಿಕೊಂಡು ಕೆಲಸ ಮುಂದುವರಿಸಿದರು. ತಮ್ಮ ಈ ಜಾಣತನಕ್ಕೆ ತಾವೇ ತಲೆದೂಗಿದರು.

ಆಮೇಲೆ ಸಿಪ್ಪೆ ಸುಲಿಯುವ ಕಾರ್ಯ. ಒಳಗೆ ಎಂಟು ಬಣ್ಣದ ತಂತಿಗಳು, ಎರಡೆರಡು ಹೊಸೆದುಕೊಂಡು ನಾಲ್ಕು ಜೋಡಿ.

"ನೋಡೇ, ಇದರಲ್ಲೊಂದು ಕ್ರಮ ಇದೆ. ಹಸಿರು ಗಂಡ-ಹೆಂಡತಿ ಮಧ್ಯೆ ನೀಲಿ ಗಂಡ-ಹೆಂಡತಿ ಬಂದು ಕೂರಬೇಕು."

"ಯಾಕಂತೆ?"

ಅದು ಗುಮಾಸ್ತರಿಗೂ ಗೊತ್ತಿರಲಿಲ್ಲ. "ಅದೆಲ್ಲಾ ಟೆಕ್ನಿಕಲ್ಲು. ನಿನಗೆ ಅರ್ಥ ಆಗಲ್ಲ ಬಿಡು."

ಎರಡೂ ತುದಿಗೆ ಪ್ಲಗ್ಗು ಅದುಮಿ ಪರೀಕ್ಷೆಗೆ ನಿಂತರು. ಟೆಸ್ಟರಿನ ಒಂದು ತುಂಡು ಹಾಲಿನಲ್ಲಿ ಇವರ ಕೈಯಲ್ಲಿ, ಇನ್ನೊಂದು ತುಂಡು ಹಿಂದಿನ ಕೋಣೆಯಲ್ಲಿ ಹೆಂಡತಿಯ ಕೈಯಲ್ಲಿ. ಎರಡರಲ್ಲೂ ಒಂದರಿಂದ ಎಂಟರವರೆಗೆ ದೀಪಗಳು ಒಂದೇ ಕ್ರಮದಲ್ಲಿ ಮಿನುಗಬೇಕು.

"ಕೂಗೇ!"

"ಒಂದು! ಎರಡು! ಆರು!"

"ಆರಲ್ಲ ಕಣೇ, ಮೂರು!"

"ಇಲ್ಲಿ ಆರೇ ಹೊತ್ಕೊಂಡಿರೋದು!"

"ಸರಿಯಾಗಿ ಎಣಿಸು!"

"ಎಂಟರವರೆಗೆ ಎಣಿಸೋಕೆ ನನಗೆ ಹೇಳಿಕೊಡ್ತೀರಾ? ಗಣಿತದ ಟೀಚರ್ ರೀ ನಾನು!"

ಹಸಿರು ತಂತಿಗಳು ಅದಲುಬದಲಾಗಿದ್ದವು. ತುದಿ ಕತ್ತರಿಸಿ ಮತ್ತೆ ಹಾಕಿದರು. ಈ ಸಲ ಐದು ಹೊತ್ತಲೇ ಇಲ್ಲ. ಮತ್ತೆ ಕತ್ತರಿಸಿದರು. ಒಮ್ಮೆ ಪ್ಲಗ್ಗನ್ನೇ ತಲೆಕೆಳಗಾಗಿ ಹಾಕಿದರು. ಒಮ್ಮೆ ಪ್ಲಗ್ಗಿನ ಬದಲು ಹೆಬ್ಬೆರಳನ್ನು ಅದುಮಿಕೊಂಡರು. ಹೀಗೆ ಹತ್ತು ಪ್ಲಗ್ಗುಗಳಲ್ಲಿ ಎಂಟು ವೀರಮರಣವನ್ನಪ್ಪಿದವು. ಒಂಬತ್ತೂಮುಕ್ಕಾಲಿಗೆ, ಉಳಿದೆರಡು ಪ್ಲಗ್ಗುಗಳೊಂದಿಗೆ, ಹಿಂದಿನ ಕೋಣೆಯಿಂದ ಆ ಮಧುರವಾಣಿ ಕೇಳಿಬಂತು: "...ಆರು! ಏಳು! ಎಂಟು!"

ಗುಮಾಸ್ತರು ಕುಣಿದಾಡಿದರು! ಟೀಚರಮ್ಮ ಕೇಬಲನ್ನು ಕಂಪ್ಯೂಟರಿಗೆ ಸಿಕ್ಕಿಸಿದರು. ಚಿತ್ರ ಸ್ವಚ್ಛ, ಧ್ವನಿ ಸ್ಪಷ್ಟ. "ಪರವಾಗಿಲ್ವೇ!" ಎಂದು ಗಂಡನ ಕಡೆ ನೋಡಿ ನಕ್ಕು ಬಾಗಿಲು ಮುಂದೆ ಮಾಡಿಕೊಂಡರು. ಆ ನಗುವಿಗೆ ಗುಮಾಸ್ತರು ಇನ್ನೊಂದು ಹೆಬ್ಬೆರಳನ್ನೂ ಇಕ್ಕಳಕ್ಕೆ ಕೊಡಲು ಸಿದ್ಧರಿದ್ದರು.

ಆಗ ಬಂದ ಪೇಂಟರ್.

"ಸಾರ್, ಏಣಿ ಬರ್ತಾ ಇಲ್ಲ."

"ಬರದೇ ಏನು? ಎತ್ತಯ್ಯಾ."

"ಎತ್ತಿದೆ ಸಾರ್. ನಿಮ್ಮ ವೈರು ಇದರ ಹೊಟ್ಟೆಯೊಳಗೇ ಹೋಗಿದೆ."

ಗುಮಾಸ್ತರು ನೋಡಿದರು. ಆ ಗೋಡೆಯಿಂದ ಹೊರಟ ಕೇಬಲ್ ಏಣಿಯ ಮೂರನೇ ಮತ್ತು ನಾಲ್ಕನೇ ಮೆಟ್ಟಿಲ ನಡುವೆ ಹಾದು ಈ ಗೋಡೆಯೊಳಗೆ ಹೋಗಿತ್ತು. ಹೊರಗೆ ಎಳೆಯೋಣವೆಂದರೆ ಪ್ಲಗ್ಗು ದೊಡ್ಡದು, ತೂತು ಚಿಕ್ಕದು. ಸೂಜಿಯಲ್ಲಿ ದಾರ ಪೋಣಿಸಿದಂತೆ ಅವರು ಕೇಬಲಿಗೆ ಏಣಿಯನ್ನೇ ಪೋಣಿಸಿ ಎರಡೂ ಕಡೆ ಗಂಟು ಹಾಕಿಬಿಟ್ಟಿದ್ದರು!

"ಕತ್ತರಿಸಿ ಸಾರ್, ಅದಕ್ಕೇನಂತೆ?"

"ಅಯ್ಯಯ್ಯೋ! ಬೇರೆ ಪ್ಲಗ್ಗಿಲ್ಲ. ಅವಳ ಇಂಟರ್‌ವ್ಯೂ ಶುರುವಾಗ್ತಿದೆ!"

"ನನ್ನ ಕೆಲಸ?"

"ಅರ್ಧ ಗಂಟೆ, ನಿಮ್ಮ ದಮ್ಮಯ್ಯ! ಕೂತ್ಕೊಳ್ಳಿ, ಕಾಫಿ ಕುಡೀರಿ!" ಬೆಳಿಗ್ಗೆ 'ಅಯ್ಯಾ' ಆಗಿದ್ದ ಪೇಂಟರಿಗೆ ಈಗ ಬಹುವಚನದ ಬಡ್ತಿ ಸಿಕ್ಕಿತ್ತು.

ಪೇಂಟರ್ ನಿಟ್ಟುಸಿರುಬಿಟ್ಟು ಏಣಿಗೆ ಒರಗಿದ. ಏಣಿ ಒಂದಂಗುಲ ಜಾರಿತು. ಕೇಬಲ್ ಬಿಗಿಯಿತು.

"ರೀ! ಚಿತ್ರ ಹೋಗಿ ಹೋಗಿ ಬರ್ತಿದೆ!" ಒಳಗಿಂದ ಪಿಸುಗೂಗು.

ಗುಮಾಸ್ತರು ಹಾರಿ ಏಣಿಯನ್ನು ಅಪ್ಪಿಕೊಂಡರು. ಆ ಕಡೆಯಿಂದ ಪೇಂಟರೂ ಹಿಡಿದುಕೊಂಡ. ಇನ್ನು ಸ್ವಲ್ಪ ಜರುಗಿದರೂ ಪ್ಲಗ್ಗು ಕಿತ್ತುಬರುತ್ತದೆ, ಹೆಂಡತಿಯ ಹುದ್ದೆಯೂ ಅದರ ಜೊತೆಗೇ ಹೋಗುತ್ತದೆ. ಇಬ್ಬರೂ ಉಸಿರು ಬಿಗಿಹಿಡಿದು ನಿಂತರು.

ಮುಂದೆ ಮಾಡಿದ ಬಾಗಿಲಿನ ಸಂದಿಯಿಂದ ಎಲ್ಲ ಕೇಳಿಸುತ್ತಿತ್ತು. ಸಂದರ್ಶನ ಸಮಿತಿಯವರು ಶಿಸ್ತಿನ ಬಗ್ಗೆ ಕೇಳಿದರು, ಪರೀಕ್ಷೆಗಳ ಬಗ್ಗೆ ಕೇಳಿದರು. ಟೀಚರಮ್ಮ ಪಟಪಟನೆ ಉತ್ತರಿಸಿದರು. ಕೊನೆಗೆ ಸಮಿತಿಯ ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು.

"ಮೇಡಂ, ಸಿಬ್ಬಂದಿಯಲ್ಲಿ ಒಬ್ಬರಿದ್ದಾರೆ ಅಂದ್ಕೊಳ್ಳಿ. ಕೆಲಸ ಬರಲ್ಲ, ಆದರೆ ಎಲ್ಲಾ ಬರುತ್ತೆ ಅಂತ ಮುನ್ನುಗ್ತಾರೆ. ಅವರ ಮನಸ್ಸೂ ನೋಯಬಾರದು, ಕೆಲಸವೂ ಕೆಡಬಾರದು. ಅಂಥವರನ್ನ ಹೇಗೆ ಸಂಭಾಳಿಸ್ತೀರಿ?"

ಗುಮಾಸ್ತರು ಬಾಗಿಲಿನ ಕಡೆಗೆ ಕಿವಿ ಚಾಚಿದರು. ಎಂಥ ಕಷ್ಟದ ಪ್ರಶ್ನೆ! ಪಾಪ, ಅಂಥವರನ್ನು ಇವಳು ಎಲ್ಲಿ ಕಂಡಿರುತ್ತಾಳೆ?

"ಅದರಲ್ಲಿ ನನಗೆ ಹನ್ನೆರಡು ವರ್ಷದ ಅನುಭವ ಇದೆ ಸರ್."

ಕಾಗದ ಮಗುಚಿದ ಸದ್ದು. "ನೀವು ಟೀಚರಾಗಿ ಎಂಟೇ ವರ್ಷ ಅಂತ ಅರ್ಜಿಯಲ್ಲಿದೆಯಲ್ಲ ಮೇಡಂ?"

"ಹೌದು ಸರ್. ಮದುವೆಯಾಗಿ ಹನ್ನೆರಡು."

ಕಂಪ್ಯೂಟರಿನೊಳಗಿಂದ ಮೂರು ಜನರ ನಗು ಒಟ್ಟಿಗೇ ಸಿಡಿಯಿತು. "ನಮಗೆ ಬೇಕಾಗಿದ್ದದ್ದು ಇಂಥವರೇ ಮೇಡಂ!" ಎಂದರು ಅಧ್ಯಕ್ಷರು. ಈಚೆ ಪೇಂಟರ್ ಬಿದ್ದೂ ಬಿದ್ದೂ ನಗತೊಡಗಿದ, ಏಣಿ ಗಡಗಡ ಅಲುಗಿತು. ಗುಮಾಸ್ತರ ಕಿವಿ ಕೆಂಪಾಗಿತ್ತು. ಆದರೂ ಅವರು ಏಣಿಯನ್ನು ಇನ್ನಷ್ಟು ಬಿಗಿಯಾಗಿ ತಬ್ಬಿಕೊಂಡರು.

"ನಗಬೇಡ್ರೀ, ಅಲ್ಲಾಡತ್ತೆ!" ಎಂದು ಹಲ್ಲುಕಚ್ಚಿ ಪಿಸುಗುಟ್ಟಿದರು. "ನನ್ನಿಂದ ಅವಳಿಗೆ ಕೆಲಸ ಸಿಗ್ತಾ ಇದೆ!"