ಬಲ ಕುಗ್ಗಿದವರಿಗೆ ಬೆಣ್ಣೆ

ಎಲ್ಲಕ್ಕೂ ಮೂಲ ಪಕ್ಕದ ಮನೆಯ ಬೆಣ್ಣೆ. ಬೆಳಿಗ್ಗೆ ಹಿಂದಿನ ಕಿಟಕಿಯ ಹತ್ತಿರ ನಿಂತು ಹಲ್ಲುಜ್ಜುತ್ತಿದ್ದ ಕಂಡಕ್ಟರ ಮೂಗಿಗೆ, ಬೆಣ್ಣೆಯಲ್ಲಿ ಮೊಟ್ಟೆ ಕರಿಯುವ ವಾಸನೆ ಬಂದು ಬಡಿಯಿತು. ಬ್ರಷ್ಷು ಬಾಯಲ್ಲೇ ನಿಂತುಬಿಟ್ಟಿತು.

ಕಂಡಕ್ಟರು ಈಗ ಕಂಡಕ್ಟರಲ್ಲ, ನಿವೃತ್ತರು. ಆದರೆ ಜೀವಮಾನವೆಲ್ಲ ಓಡುವ ಬಸ್ಸಿನಲ್ಲಿ ನಿಂತುಕೊಂಡೇ ಟಿಕೆಟ್ ಹರಿದ ಮನುಷ್ಯನಿಗೆ ಬೇರೆ ಹೆಸರು ಒಪ್ಪುವುದಿಲ್ಲವೆಂದು ಬೀದಿಯವರು ತೀರ್ಮಾನಿಸಿದ್ದರು. ಆಳು ಕಡ್ಡಿಯ ಹಾಗಿದ್ದರೂ ಮೂರು ವರ್ಷದ ಹಿಂದೆ ಯಾವುದೋ ತಪಾಸಣೆಯಲ್ಲಿ ಅವರ ರಕ್ತದಲ್ಲಿ ಜಿಡ್ಡಿದೆ ಎಂದು ತಿಳಿದುಬಂತು. ಅಂದಿನಿಂದ ಅವರ ಹೆಂಡತಿ ಬೆಣ್ಣೆಯನ್ನು ಮನೆಯ ಹೊಸಿಲು ದಾಟಲು ಬಿಟ್ಟಿರಲಿಲ್ಲ. ಮೊಟ್ಟೆಗೂ ಅದೇ ಗತಿ. ಎರಡು ಹೊತ್ತೂ ಬೇಯಿಸಿದ ಎಲೆಕೋಸು. ಉಪ್ಪು ಸಾಲದು ಅಂದರೆ, "ಉಪ್ಪು ತಿಂದೋರು ನೀರು ಕುಡೀಲೇಬೇಕು, ನಿಮಗ್ಯಾಕೆ ಆ ಕಷ್ಟ?" ಎಂದು ಬಾಯಿ ಮುಚ್ಚಿಸುತ್ತಿದ್ದರು.

ಕಂಡಕ್ಟರು ಕಿಟಕಿಯಿಂದ ಕತ್ತು ಚಾಚಿದರು. "ಏನ್ರೀ ಗುಮಾಸ್ತರೇ, ಬೆಳಿಗ್ಗೆ ಬೆಳಿಗ್ಗೆ ಯಾರಿಗೆ ಔತಣ?"

ವಕೀಲರೊಬ್ಬರ ಬಳಿ ಗುಮಾಸ್ತರಾಗಿದ್ದ ಪಕ್ಕದ ಮನೆಯವರು ಸೌಟು ಹಿಡಿದೇ ಬಂದರು. "ಔತಣ ಅಲ್ಲ ಸ್ವಾಮಿ, ಸಂಶೋಧನೆ! ವಯಸ್ಸಾದೋರು ಏನು ತಿಂದ್ರೆ ಮೈಗೆ ಬಲ ಬರುತ್ತೆ ಅಂತ ಹಳೇ ಆಸ್ಪತ್ರೆ ಕಟ್ಟಡದಲ್ಲಿ ಪರೀಕ್ಷೆ ಮಾಡ್ತಿದ್ದಾರೆ. ಬಲ ಕುಗ್ಗಿದೋರನ್ನ ಆರಿಸಿ ವಾರವಾರ ಬುಟ್ಟಿ ಕೊಡ್ತಾರೆ. ಮೊಟ್ಟೆ, ಬೆಣ್ಣೆ, ಹಾಲಿನ ಪುಡಿ, ಬಾದಾಮಿ. ತಿನ್ನದೇ ಇದ್ರೆ ಫೋನ್ ಮಾಡಿ ಬೈತಾರೆ."

"ಬೈತಾರಾ? ತಿನ್ನಲಿಲ್ಲ ಅಂತ?" ಕಂಡಕ್ಟರು ಕತ್ತು ಇನ್ನಷ್ಟು ಚಾಚಿದರು. ಅಂಥ ಪುಣ್ಯದ ಬೈಗುಳ ಅವರ ಕಿವಿಗೆ ಬಿದ್ದು ಎಷ್ಟು ಕಾಲವಾಗಿತ್ತೋ.

"ಆಯ್ಕೆಗೆ ಇವತ್ತೇ ಕೊನೇ ದಿನ. ಆದ್ರೆ ನಿಮಗೆಲ್ಲಿ ಬಲ ಕುಗ್ಗಿದೆ? ಮೊನ್ನೆ ನಮ್ಮನೆ ಬೀರು ಒಬ್ಬರೇ ಎತ್ತಿ ಮಹಡಿ ಮೇಲಿಟ್ರಿ." ಗುಮಾಸ್ತರು ಒಂದು ಗಳಿಗೆ ಯೋಚಿಸಿ ಸೌಟು ಆಡಿಸಿದರು. "ಇರಲಿ. ಕುಗ್ಗಿಲ್ಲದಿದ್ರೆ ಕುಗ್ಗಿಸೋಣ, ಬನ್ನಿ."

ಕುಗ್ಗಿಸುವ ಕೆಲಸ ಬೀದಿ ಕೊನೆಯ ಕ್ಷೌರದಂಗಡಿಯಲ್ಲಿ ನಡೆಯಿತು. ಕ್ಷೌರಿಕ ಕಂಡಕ್ಟರನ್ನು ಕುರ್ಚಿಯಲ್ಲಿ ಕೂರಿಸಿ, ಸುತ್ತಲೂ ಒಂದು ಪ್ರದಕ್ಷಿಣೆ ಹಾಕಿ, ನಿಟ್ಟುಸಿರಿಟ್ಟ. "ಗಡ್ಡ ತೆಗೀಬೇಡಿ. ಅರ್ಧ ಕಾಯಿಲೆ ಗಡ್ಡದಲ್ಲೇ ಇರುತ್ತೆ. ಉಳಿದರ್ಧ ನಾನು ಕೊಡ್ತೀನಿ." ಒಳಗಿನಿಂದ ತನ್ನ ದೊಡ್ಡ ಕೋಟು ತಂದು ತೊಡಿಸಿದ. ಕ್ಷೌರಿಕ ಎಮ್ಮೆಯಂಥ ಆಳು. ಆ ಕೋಟಿನೊಳಗೆ ಕಂಡಕ್ಟರು ಬಟ್ಟೆ ಒಣಹಾಕುವ ಗೂಟದ ಹಾಗೆ ಕಂಡರು.

"ಈಗ ಕೇಳಿ," ಎಂದರು ಗುಮಾಸ್ತರು. ಸಾಕ್ಷಿಗಳಿಗೆ ಪಾಠ ಹೇಳಿ ಪಳಗಿದ ನಾಲಿಗೆ. "ಏನು ಹಿಡೀಲಿಕ್ಕೆ ಕೊಟ್ರೂ ಮೆಲ್ಲಗೆ ಹಿಡೀರಿ. ನಡೀರಿ ಅಂದ್ರೆ ತೆವಳಿ. ಏನು ಕೇಳಿದ್ರೂ ಹೌದು ಅನ್ನಿ. ಇನ್ನೊಂದು ವಿಷಯ, ಮನೆಯೋರನ್ನ ಜೊತೇಲಿ ಕರ್ಕೊಂಡು ಹೋಗಿ. ಬಲ ಕುಗ್ಗಿದೋರು ಯಾರೂ ಒಬ್ಬೊಬ್ಬರೇ ಬರಲ್ಲ."

ಈ ಕೊನೆಯ ಸಲಹೆಯೇ ಮುಳುವಾಯಿತು. ಹೆಂಡತಿಗೆ ನಿಜ ಹೇಳಿದರೆ ಬುಟ್ಟಿ ಹೊಸಿಲಲ್ಲೇ ನಿಲ್ಲುತ್ತದೆ. "ಪುಕ್ಕಟೆ ತಪಾಸಣೆ ಅಂತೆ" ಎಂದಷ್ಟೇ ಹೇಳಿ ಕಂಡಕ್ಟರು ಆಕೆಯನ್ನು ಹೊರಡಿಸಿದರು. ಆಕೆ ಮೈಕೈ ತುಂಬಿಕೊಂಡ ಗಟ್ಟಿಗಿತ್ತಿ. ಗಂಡನ ಪಕ್ಕ ನಿಂತರೆ ಇಬ್ಬರೂ ಹತ್ತರ ಅಂಕಿಯ ಒಂದು ಮತ್ತು ಸೊನ್ನೆಯ ಹಾಗೆ ಕಾಣುತ್ತಿದ್ದರು. ಬಸ್ಸಿಗೆ ಓಡಿ ಹತ್ತಿದ ಗಂಡ, ಇಳಿದ ಕೂಡಲೇ ಕುಂಟತೊಡಗಿದ್ದು ಕಂಡು ಅವರ ಹುಬ್ಬು ಮೇಲೇರಿತು.

"ಏನ್ರೀ, ಕಾಲಿಗೇನಾಯ್ತು? ಆ ಕೋಟು ಯಾರದ್ದು?"

"ಚಳಿ ಕಣೇ," ಎಂದರು ಕಂಡಕ್ಟರು, ಹಣೆಯ ಬೆವರು ಒರೆಸಿಕೊಳ್ಳುತ್ತ.

ಹಳೇ ಆಸ್ಪತ್ರೆಯ ಕೋಣೆಯಲ್ಲಿ ಗೋಡೆಗೊಂದು ಬೆಂಚು, ನೆಲಕ್ಕೆ ಬಣ್ಣದ ಪಟ್ಟಿಯಲ್ಲಿ ಎಳೆದ ಗೆರೆ, ಮೂಲೆಯಲ್ಲಿ ಹಿಡಿಕೆಗಳಿದ್ದ ಒಂದು ತೂಕದ ಯಂತ್ರ. ಪರೀಕ್ಷೆ ಮಾಡುವ ಡಾಕ್ಟರಮ್ಮ ನಿಧಾನದ ಹೆಂಗಸು. ಕನ್ನಡಕದ ಮೇಲಿನಿಂದ ನೋಡಿಯೇ ಮನುಷ್ಯರನ್ನು ಅಳೆಯುವಂತಿದ್ದರು.

"ಬೇಗ ಸುಸ್ತಾಗುತ್ತಾ?"

"ಹೌದು."

"ಹಸಿವು ಕಡಿಮೆ ಆಗಿದೆಯಾ?"

ಆ ಪ್ರಶ್ನೆಗೆ ಹೌದೆನ್ನಲು ಹೊಟ್ಟೆಯೇ ಅಡ್ಡ ಬಂತು. ಆದರೂ ಬೆಣ್ಣೆಯನ್ನು ನೆನೆದು, "ಹೌದು" ಎಂದರು.

"ಮೆಟ್ಟಿಲು ಸಲೀಸಾಗಿ ಹತ್ತುತ್ತೀರಾ?"

"ಹೌದು."

ಡಾಕ್ಟರಮ್ಮನ ಪೆನ್ನು ನಿಂತಿತು. "ಸಲೀಸಾಗಿ?"

"ಹೌದು… ಅಂದ್ರೆ, ಹತ್ತೋದು ಸಲೀಸು. ಹತ್ತಿದ್ಮೇಲೆ ಬದುಕಿರೋದು ಕಷ್ಟ."

ಬೆಂಚಿನಿಂದ ಹೆಂಡತಿಯ ದನಿ ಬಂತು. "ಸುಳ್ಳು ಡಾಕ್ಟರಮ್ಮ! ನಿನ್ನೆ ಮಾಳಿಗೆ ಹತ್ತಿ ಪಾರಿವಾಳ ಓಡಿಸ್ತಿದ್ರು."

ಮುಂದೆ ಹಿಡಿತದ ಪರೀಕ್ಷೆ. ಬಲವಾಗಿ ಹಿಸುಕಿ ಎಂದು ಕೊಟ್ಟ ಉಪಕರಣವನ್ನು ಕಂಡಕ್ಟರು ಕೋಳಿಮರಿಯ ಹಾಗೆ ಹಿಡಿದರು. ಮುಳ್ಳು ಅಲ್ಲಾಡಲಿಲ್ಲ. ಮನಸ್ಸಿನ ಬುಟ್ಟಿಗೊಂದು ಮೊಟ್ಟೆ ಬಿದ್ದಂತಾಯಿತು. ಗೆರೆಯ ಮೇಲೆ ನಡೆಯಿರಿ ಅಂದಾಗ ಅವರು ಎಷ್ಟು ನಿಧಾನ ಹೋದರೆಂದರೆ, ಡಾಕ್ಟರಮ್ಮ ಮಧ್ಯದಲ್ಲಿ ಎದ್ದು ನೀರು ಕುಡಿದು ಬಂದರು. ಆ ಬುಟ್ಟಿಗೆ ಬೆಣ್ಣೆ ಡಬ್ಬಿಯೂ ಬಿತ್ತು.

"ಈಗ ಒಂದು ಕಾಲು ಎತ್ತಿ ನಿಂತ್ಕೊಳ್ಳಿ. ಬೀಳೋ ಹಾಗಾದ್ರೆ ಇಳಿಸಿಬಿಡಿ."

ಕಂಡಕ್ಟರು ಎತ್ತಿದರು. ಎತ್ತಿದ ತಕ್ಷಣ ತೂರಾಡಿ ಕಾಲು ಇಳಿಸಬೇಕೆಂದು ಮನಸ್ಸು ಹೇಳಿತು. ಆದರೆ ಮೈ ಮಾತು ಕೇಳಲಿಲ್ಲ. ಗುಂಡಿ ಬಿದ್ದ ರಸ್ತೆಯಲ್ಲಿ, ಕಿಕ್ಕಿರಿದ ಬಸ್ಸಿನಲ್ಲಿ, ಇನ್ನೊಂದು ಪಾದಕ್ಕೆ ಜಾಗವಿಲ್ಲದೆ ಒಂಟಿ ಕಾಲಲ್ಲಿ ಚಿಲ್ಲರೆ ಕೊಟ್ಟ ದೇಹ ಅದು. ಎಡಕ್ಕೆ ವಾಲಿದರೆ ಸೊಂಟ ತಾನಾಗಿ ಬಲಕ್ಕೆ ಬಂತು. ಹಿಂದಕ್ಕೆ ವಾಲಿದರೆ ಹಿಮ್ಮಡಿ ಹಿಡಿದು ನಿಲ್ಲಿಸಿತು. ಬೀಳಬೇಕೆಂದು ಹಟ ಹಿಡಿದ ಮನುಷ್ಯ ಬೀಳಲಾಗದೆ ಒದ್ದಾಡುವುದನ್ನು ಡಾಕ್ಟರಮ್ಮ ಕೌತುಕದಿಂದ ನೋಡಿದರು.

"ಇಳಿಸಿ, ಸಾಕು. ನೋಡಿ ನೋಡಿ ನನ್ನ ಕಾಲೇ ನೋಯ್ತಿದೆ."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದುಕೊಳ್ಳುತ್ತ ಕಂಡಕ್ಟರು ಬರಿಗಾಲಲ್ಲಿ ಯಂತ್ರ ಹತ್ತಿ ಹಿಡಿಕೆ ಹಿಡಿದರು. ಮೈಯಲ್ಲಿ ಮಾಂಸಖಂಡ ಎಷ್ಟು, ನೀರೆಷ್ಟು, ಮೂಳೆ ಎಷ್ಟು ಎಂದು ಅದು ಬೇರೆ ಬೇರೆಯಾಗಿ ಹೇಳುವುದಂತೆ. ಯಂತ್ರ ಕುಯ್ಯೆಂದಿತು. ಡಾಕ್ಟರಮ್ಮ ಓದಿದರು. "ಮಾಂಸಖಂಡ ಚೆನ್ನಾಗಿದೆ. ಹೊರಗೆ ನೋಡಿದ್ರೆ ಗೊತ್ತಾಗಲ್ಲ, ಆದ್ರೆ ಒಳಗೆ ಕೊಬ್ಬು ಸ್ವಲ್ಪ ಜಾಸ್ತಿ."

"ಅದಕ್ಕೆ ಯಂತ್ರ ಯಾಕಮ್ಮ ಬೇಕಿತ್ತು?" ಎಂದರು ಹೆಂಡತಿ. "ಮದುವೆಯಾದ ವಾರದಲ್ಲೇ ನಾನು ಹೇಳಿದ್ದೆ."

ಡಾಕ್ಟರಮ್ಮನಿಗೆ ನಗು ತಡೆಯಲಾಗಲಿಲ್ಲ. ಇನ್ನು ಉಳಿದದ್ದು ಕುರ್ಚಿ. ಕೈ ಎದೆಗೆ ಕಟ್ಟಿಕೊಂಡು, ಎಲ್ಲೂ ಊರದೆ ಏಳಬೇಕು. ಕಂಡಕ್ಟರು ಕೊನೆಯ ಆಸೆಯನ್ನೆಲ್ಲ ಆ ಕುರ್ಚಿಯ ಮೇಲಿಟ್ಟರು. ಕೂತರು. ತಿಣುಕಿದರು, ನರಳಿದರು, ಅರ್ಧಕ್ಕೆ ಎದ್ದು ದೊಪ್ಪನೆ ಕುಸಿದರು. ನಾಟಕ ಕಂಪನಿಯಲ್ಲೂ ಯಾರೂ ಅಷ್ಟು ಚೆನ್ನಾಗಿ ಕುಸಿದಿರಲಾರರು.

ಹೆಂಡತಿಗೆ ತಡೆಯಲಾಗಲಿಲ್ಲ. ಬೆಂಚಿಗೆ ಎರಡೂ ಕೈ ಊರಿ ಎದ್ದು ಬಂದರು. "ಸರೀರಿ ಆಚೆ! ನಾಲ್ಕು ಜನರ ಮುಂದೆ ಮಾನ ಕಳೀತೀರಲ್ಲ! ಇದೇನು ಮಹಾ? ನಾನು ತೋರಿಸ್ತೀನಿ."

ಆಕೆ ಕೂತರು, ಕೈ ಕಟ್ಟಿದರು. ಏಳಲು ಹೋದರು. ಏಳಲಿಲ್ಲ. "ಸೀರೆ ಸಿಕ್ಕಿಕೊಂಡಿತು" ಎಂದರು. ಮತ್ತೆ ಪ್ರಯತ್ನಿಸಿ, "ಈ ಕುರ್ಚಿ ತಗ್ಗು" ಎಂದು ನಕ್ಕರು. ಇನ್ನೊಮ್ಮೆ ಹಟದಿಂದ ಮುಂದಕ್ಕೆ ಬಾಗಿದಾಗ ಮೊಣಕಾಲು ನಡುಗಿ, ಮೈ ಪಕ್ಕಕ್ಕೆ ವಾಲಿ, ಕುರ್ಚಿ ಸಮೇತ ಉರುಳಲು ಹೊರಟರು.

ಕಂಡಕ್ಟರು ಕೋಣೆಯ ಆ ತುದಿಯಲ್ಲಿದ್ದರು. ಹೇಗೆ ಬಂದರೋ ಅವರಿಗೇ ತಿಳಿಯದು. ಅಡ್ಡವಿದ್ದ ಸ್ಟೂಲು ಉರುಳಿ, ಕೋಟು ಗಾಳಿಗೆ ಬಿಚ್ಚಿಕೊಂಡು, ಒಂದೇ ನೆಗೆತಕ್ಕೆ ಬಂದು ಹೆಂಡತಿ ನೆಲ ಮುಟ್ಟುವ ಮೊದಲೇ ಎರಡೂ ತೋಳಲ್ಲಿ ಎತ್ತಿ, ಮಗುವಿನಂತೆ ಬೆಂಚಿನ ಮೇಲೆ ಕೂರಿಸಿದರು. "ಪೆಟ್ಟಾಯ್ತಾ? ಏನಾಯ್ತೇ?" ಎಂದು ಕೇಳುವಾಗ ಅವರ ದನಿ ನಿಜವಾಗಿಯೇ ನಡುಗುತ್ತಿತ್ತು.

ಡಾಕ್ಟರಮ್ಮ ಬಿದ್ದ ಸ್ಟೂಲನ್ನೂ ಕಂಡಕ್ಟರನ್ನೂ ನೋಡಿದರು. ಹಿಡಿತದ ಉಪಕರಣವನ್ನು ಹೆಂಡತಿಯ ಕೈಗೆ ಕೊಟ್ಟರು. ಆಕೆ ಹಲ್ಲು ಕಚ್ಚಿ ಹಿಸುಕಿದರು. ಮುಳ್ಳು ಗಂಡನ ಕೋಳಿಮರಿ ಹಿಡಿತಕ್ಕಿಂತ ಒಂದಿಷ್ಟೇ ಮೇಲೆ ಹೋಗಿ ನಿಂತಿತು. ಯಂತ್ರ ಹತ್ತಿಸಿದರು. ಡಾಕ್ಟರಮ್ಮನ ನಗು ಮಾಯವಾಯಿತು.

"ಮೈ ದಪ್ಪ ಕಂಡ ಮಾತ್ರಕ್ಕೆ ಬಲ ಇರುತ್ತೆ ಅಂತಿಲ್ಲಮ್ಮ. ನಿಮಗೆ ಮಾಂಸಖಂಡ ಬಹಳ ಕರಗಿದೆ. ಬೆಳಿಗ್ಗೆ ಏನು ತಿಂತೀರಿ?"

"ಇವರು ತಿಂದು ಬಿಟ್ಟಿದ್ದು."

"ಇವರು ಬಿಡ್ತಾರಾ?"

"ಬಿಡಲ್ಲ."

ಕಂಡಕ್ಟರು ತಲೆ ತಗ್ಗಿಸಿದರು. ಮೂರು ವರ್ಷ ಎಲೆಕೋಸನ್ನು ಬೈಯುತ್ತ ಬೈಯುತ್ತ ಪಾತ್ರೆಯ ತಳ ಕಾಣುವವರೆಗೆ ತಿಂದವರು ಅವರು. ಆಮೇಲೆ ಅಡುಗೆಮನೆಯಲ್ಲಿ ಆಕೆ ಏನು ತಿನ್ನುತ್ತಾಳೆಂದು ಒಂದು ದಿನವೂ ಇಣುಕಿ ನೋಡಿರಲಿಲ್ಲ. ಬೆಂಚಿಗೆ ಕೈ ಊರಿ ಏಳುವುದು, ಮಾಳಿಗೆಗೆ ಬರದಿರುವುದು, ಎಲ್ಲವೂ ಕಣ್ಣೆದುರೇ ನಡೆದಿತ್ತು. ಅವರಿಗೆ ತಮ್ಮ ಬಗ್ಗೆ ತುಂಬ ನಾಚಿಕೆಯಾಯಿತು.

ತೀರ್ಪು ಬೇಗ ಬಂತು. ಬುಟ್ಟಿ ಹೆಂಡತಿಗೆ. ಅಡುಗೆ ಗಂಡ ಮಾಡಿ ಬಡಿಸಬೇಕು. "ಇದು ಅವರೊಬ್ಬರಿಗೇ," ಎಂದು ಡಾಕ್ಟರಮ್ಮ ಕನ್ನಡಕದ ಮೇಲಿನಿಂದ ಕಂಡಕ್ಟರನ್ನು ನೋಡಿದರು. "ಬೇರೆಯವರು ಮುಟ್ಟಿದ್ರೆ ನಮ್ಮ ಸಂಶೋಧನೆ ಕೆಡುತ್ತೆ." ನಂತರ ಹೆಂಡತಿಯನ್ನು ಬಾಗಿಲ ಬಳಿಗೆ ಕರೆದು ಕಿವಿಯಲ್ಲಿ ಏನೋ ಹೇಳಿದರು.

ಬುಟ್ಟಿ ಹೊತ್ತು ಬೀದಿಗೆ ಬಂದಾಗ ಕ್ಷೌರಿಕ ಕೋಟು ಬಿಚ್ಚಿಸಿಕೊಂಡ. ಗುಮಾಸ್ತರು ಬೆನ್ನು ತಟ್ಟಿದರು. "ನೋಡಿದ್ರಾ, ನಾನು ಹೇಳಿಕೊಟ್ಟಿದ್ದು ಫಲ ಕೊಡ್ತು!"

"ಕೊಡ್ತು," ಎಂದರು ಕಂಡಕ್ಟರು.

ಸಂಜೆ ಬಾಣಲೆಯಲ್ಲಿ ಬೆಣ್ಣೆ ಕರಗಿತು. ಕಂಡಕ್ಟರು ಮೂಗು ಬೇರೆ ಕಡೆ ತಿರುಗಿಸಿಕೊಂಡು ಎರಡು ಮೊಟ್ಟೆ ಒಡೆದು ಹಾಕಿ, ಕೆಂಪಗೆ ಕರಿದು, ಹೆಂಡತಿಯ ತಟ್ಟೆಗೆ ಬಡಿಸಿದರು. ತಮಗೆ ಎಲೆಕೋಸು ಹಾಕಿಕೊಂಡು ಎದುರಿಗೆ ಕೂತರು. ಆಕೆ ಒಂದು ತುತ್ತು ತಿಂದು, ಕಣ್ಣು ಮುಚ್ಚಿ, ಮೆಲ್ಲಗೆ ತಟ್ಟೆಯನ್ನು ಗಂಡನ ಕಡೆ ತಳ್ಳಿದರು.

"ಅರ್ಧ ನೀವು ತಿನ್ನಿ. ಯಾರು ನೋಡ್ತಾರೆ?"

ಕಂಡಕ್ಟರ ಬಾಯಲ್ಲಿ ನೀರೂರಿತು. ಕೈ ಅರ್ಧ ದಾರಿಗೆ ಹೋಯಿತು. ಅಲ್ಲಿಂದಲೇ ಅವರು ಅದನ್ನು ಹಿಂದಕ್ಕೆ ಎಳೆದುಕೊಂಡು, ಜೀವನದ ಅತಿ ದೊಡ್ಡ ಸುಳ್ಳು ಹೇಳಿದರು. "ನೀನೇ ತಿನ್ನೇ. ನಿಜ ಹೇಳ್ಬೇಕಂದ್ರೆ, ನಂಗೆ ಈಗ ಎಲೆಕೋಸೇ ರುಚಿ."

ಹೆಂಡತಿ ಗಂಡನ ಮುಖವನ್ನೇ ನೋಡಿದರು. ಆಕೆಯ ಕಣ್ಣು ತುಂಬಿ ಬಂತು. "ಹೌದೇನ್ರೀ? ಮೊದಲೇ ಹೇಳೋದಲ್ವಾ! ದಿನಕ್ಕೊಂದು ಮೊಟ್ಟೆ, ಚೂರು ಬೆಣ್ಣೆ ನಿಮಗೂ ಕೊಡಬಹುದು, ಏನೂ ತೊಂದರೆಯಿಲ್ಲ ಅಂತ ಡಾಕ್ಟರಮ್ಮ ಬಾಗಿಲ ಹತ್ರ ಹೇಳಿದ್ರು. ನಾಳೆ ಅಂಗಡಿಯಿಂದ ನಿಮಗೆ ಅಂತ ಬೇರೆ ತರೋಣ ಅಂತಿದ್ದೆ. ಪುಣ್ಯಕ್ಕೆ ಮೊದಲೇ ಗೊತ್ತಾಯ್ತು."

ಕಂಡಕ್ಟರು ಬಾಯಿ ತೆರೆದರು. ಸುಳ್ಳು ಅಂತ ಈಗ ಒಪ್ಪಿಕೊಂಡರೆ ಆ ಅರ್ಧ ಪಾಲು ಹೆಂಡತಿಯ ತಟ್ಟೆಯಿಂದ ತಮ್ಮ ತಟ್ಟೆಗೇ ಬರುತ್ತದೆ ಎಂದು ಅವರಿಗೆ ಗೊತ್ತಿತ್ತು. ಬಾಯಿ ಮುಚ್ಚಿದರು. ಹೆಂಡತಿ ಸಂತೋಷದಿಂದ ಪಾತ್ರೆಯಲ್ಲಿ ಉಳಿದಿದ್ದ ಎಲೆಕೋಸನ್ನೆಲ್ಲ ಬಳಿದು ಅವರ ತಟ್ಟೆಗೆ ಸುರಿದು, "ನನ್ನ ಪಾಲಿಂದೂ ನೀವೇ ತಿನ್ನಿ" ಎಂದರು.