ಹಗ್ಗ ಹಿಡಿದ ಪಾದಚಾರಿ

ಕಾನೂನಿನ ಕಣ್ಣಿಗೆ ನಾನು ಯಾರು ಎಂಬುದು ನಲವತ್ತು ತುಂಬುವವರೆಗೂ ನನಗೆ ತಿಳಿದಿರಲಿಲ್ಲ. ಚನ್ನರಾಯಪಟ್ಟಣದ ಶಾಲೆಯಲ್ಲಿ ಕನ್ನಡ ಪಂಡಿತ, ಸೈಕಲ್ಲನ್ನೂ ಹತ್ತಿದವನಲ್ಲ. ಸುಳ್ಳೇಕೆ, ಒಮ್ಮೆ ಹತ್ತಿದ್ದೆ, ಇಳಿದದ್ದು ಸೀಗೆಮೆಳೆಯೊಳಕ್ಕೆ. ಹೀಗಾಗಿ ರಸ್ತೆಯ ಕಾನೂನೆಲ್ಲ ವಾಹನದವರ ತಲೆನೋವು, ನಡೆಯುವವನಿಗೆ ಚಪ್ಪಲಿಯ ಚಿಂತೆಯೊಂದೇ ಎಂದು ನೆಮ್ಮದಿಯಾಗಿದ್ದೆ.

ಎರಡನೇ ಮಹಾಯುದ್ಧದ ಕಾಲ, ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲು ಉರಿಸಿಕೊಂಡು ಓಡುತ್ತಿದ್ದವು. ದಂಡಿಗನಹಳ್ಳಿಯಲ್ಲಿ ನಾಮಕರಣದ ಊಟ ಮುಗಿಸಿ ಬೋರೇಗೌಡನ ಎತ್ತಿನಗಾಡಿಯಲ್ಲಿ ಮರಳುತ್ತಿದ್ದೆ. ಗಾಡಿಯ ಕುಲುಕಾಟಕ್ಕೆ ಹೋಳಿಗೆ ಗಂಟಲಿಗೆ ಬಂದಂತಾಗಿ, ಇಳಿದು ಎತ್ತುಗಳ ಮುಂದೆ ನಡೆಯತೊಡಗಿದೆ. ನಡೆಯುತ್ತ ಅವುಗಳ ಹಗ್ಗ ಹಿಡಿಯುವ ಆಸೆಯಾಯಿತು.

"ಬ್ಯಾಡಿ ಮೇಷ್ಟ್ರೇ, ಇವು ಒಸಬ್ರಿಗೆ ಬಗ್ಗಾಕಿಲ್ಲ" ಎಂದ ಬೋರೇಗೌಡ.

"ಮೂವತ್ತು ಹುಡುಗರನ್ನು ಹದ್ದುಬಸ್ತಿನಲ್ಲಿಡ್ತೀನಿ, ಎರಡು ಎತ್ತು ಏನು ಮಹಾ?" ಎಂದು ಹಗ್ಗ ಕಸಿದುಕೊಂಡೆ. ಗೌಡ ಗಾಡಿಯಲ್ಲಿ ಒರಗಿಕೊಂಡ. ಎತ್ತುಗಳು ಸ್ವಲ್ಪ ದೂರ ನನಗೆ ಮರ್ಯಾದೆ ಕೊಟ್ಟವು. ತಿರುವಿನಲ್ಲಿ ಬಲಗಡೆ ಹಸಿರು ಹುಲ್ಲು ಕಂಡದ್ದೇ, ಗಾಡಿಯ ಜೊತೆಗೆ ನನ್ನನ್ನೂ ಎಳೆದುಕೊಂಡು ಹೊರಟವು. ಎದುರಿಗೆ ಬಸ್ಸು! ಡ್ರೈವರು ತಿರುಗಿಸಿದ ರಭಸಕ್ಕೆ ಅದು ರಾಗಿಹೊಲಕ್ಕಿಳಿದು ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ನನ್ನ ಗ್ರಹಚಾರ, ಅದರಿಂದ ಮೊದಲು ಇಳಿದವನೇ ಪೊಲೀಸ್ ಪೇದೆ.

"ಗಾಡಿ ಹೊಡೀತಿದ್ದೋನು ಯಾರು?"

ನಾನು ಗೌಡನನ್ನು ತೋರಿಸಿದೆ. ಗೌಡ ನನ್ನನ್ನು ತೋರಿಸಿದ. "ಅಗ್ಗ ಅವ್ರ ಕೈಲೈತಲ್ಲ ಸಾ. ನಾನು ಬರೀ ಕುಂತಿದ್ದೆ ಕಣ್ ಸಾ."

ಕೈ ನೋಡಿಕೊಂಡೆ. ಹಗ್ಗ ಅಲ್ಲೇ ಇತ್ತು. ಪೇದೆ ನನ್ನ ಹೆಸರು ಬರೆದುಕೊಂಡ.

ಹದಿನೈದು ದಿನದ ಮೇಲೆ, ತಾಲ್ಲೂಕಿನ ಮ್ಯಾಜಿಸ್ಟ್ರೇಟರೂ ಆಗಿದ್ದ ಅಮಲ್ದಾರರ ಕಚೇರಿಯಲ್ಲಿ ವಿಚಾರಣೆ. ಶಿಕ್ಷೆಯಾದರೆ ಕೆಲಸ ಹೋದೀತು ಎಂಬ ದಿಗಿಲಿಗೆ ಅಷ್ಟು ದಿನವೂ ಅನ್ನ ರುಚಿಸಿರಲಿಲ್ಲ. ಆದರೂ ಕೈಯಲ್ಲೊಂದು ಬ್ರಹ್ಮಾಸ್ತ್ರವಿದೆಯೆಂಬ ಧೈರ್ಯ. "ಸ್ವಾಮಿ, ನಾನು ಕಾಲ್ನಡಿಗೆಯಲ್ಲಿದ್ದೆ. ನಡೆಯುವವನು ಗಾಡಿ ಹೊಡೆಯುವವನು ಹೇಗಾದಾನು?"

ಅಮಲ್ದಾರರು ಕನ್ನಡಕ ಸರಿಪಡಿಸಿಕೊಂಡರು. "ಪಂಡಿತರೇ, ಕಾಲು ಎಲ್ಲಿತ್ತು ಅಂತ ಕಾನೂನು ಕೇಳೋದಿಲ್ಲ. ಎತ್ತು ಯಾರ ಹಿಡಿತದಲ್ಲಿತ್ತು?"

"ಯಾರ ಹಿಡಿತದಲ್ಲೂ ಇರಲಿಲ್ಲ, ಸ್ವಾಮಿ."

"ನಿಮ್ಮ ಮೇಲಿರೋ ಆಪಾದನೆಯೂ ಅದೇ."

ಕಚೇರಿ ಗೊಳ್ಳೆಂದಿತು. ಗಾಡಿಯಲ್ಲಿ ಕಾಲು ಚಾಚಿ ಒರಗಿದವನು ಬರೀ ಪ್ರಯಾಣಿಕ. ಧೂಳು ಕುಡಿದು, ಎತ್ತಿನ ಜೊಲ್ಲು ಒರೆಸಿಕೊಂಡು ನಡೆದ ನಾನು ಚಾಲಕ! ಸಾಲದ್ದಕ್ಕೆ ಬೋರೇಗೌಡ ನನ್ನನ್ನು ಕಾಪಾಡಲು ಮುಂದೆ ಬಂದ: "ಪಾಪ, ಅವ್ರಿಗೆ ಏನೂ ಬರಾಕಿಲ್ಲ ಸಾ. ಬ್ಯಾಡ ಅಂತ ನಾನೂ ಬಡ್ಕಂಡೆ, ಕೇಳ್ಲಿಲ್ಲ."

ಮೊದಲ ತಪ್ಪು, ಯಾರಿಗೂ ಗಾಯವಿಲ್ಲವೆಂದು ಅಮಲ್ದಾರರು ಎಚ್ಚರಿಕೆ ಕೊಟ್ಟು ಬಿಟ್ಟರು. ಬದುಕಿದೆನೆಂದು ಮನೆಗೆ ಬಂದು, ಅದುವರೆಗೆ ಬಚ್ಚಿಟ್ಟಿದ್ದ ವೃತ್ತಾಂತವನ್ನೆಲ್ಲ ಹೆಂಡತಿಗೆ ಒಪ್ಪಿಸಿದೆ. ಬಸ್ಸು, ಪೊಲೀಸು, ಕಚೇರಿ ಯಾವುದಕ್ಕೂ ಅವಳು ಗಾಬರಿಯಾಗಲಿಲ್ಲ. ಅಕ್ಕಿ ಆರಿಸುತ್ತ ಮರುಕದಿಂದ ಕೇಳಿದಳು:

"ಎತ್ತುಗಳೂ ನಿಮ್ಮ ಮಾತು ಕೇಳಲಿಲ್ವೆ?"

ಆ 'ಊ' ಪ್ರತ್ಯಯವನ್ನು ನಾನು ಹದಿನೈದು ವರ್ಷದಿಂದ ಹುಡುಗರಿಗೆ ಪಾಠ ಮಾಡುತ್ತಿದ್ದೆ. ಅದರ ಅರ್ಥ ಪೂರ್ತಿಯಾಗಿ ತಿಳಿದದ್ದು ಅವತ್ತೇ.